ಒಂದು ಬಟ್ಟಲು ಅಂದರೆ ಯಾವ ಬಟ್ಟಲು

ಗಾರ್ಗಿ ಗಲಗಲಿಯ ಪಿಎಚ್‌ಡಿ ಮುಕ್ಕಾಲು ಪಾಲು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿಯೇ ಆಯಿತು. ಬೆಳಿಗ್ಗೆ ಧಾರವಾಡ ಬಿಡುವಾಗ ಅವಳು ಅಡಿಗೆ ಪುಸ್ತಕಗಳ ಇತಿಹಾಸ ಬರೆಯುವ ಸಂಶೋಧಕಿ. ನವಲೂರು ದಾಟುವಾಗ ಯಾರೂ ಅಲ್ಲ, ಸೀಟು ಸಿಗದ ಒಬ್ಬ ಹೆಂಗಸು. ಉಣಕಲ್ಲ ಕೆರೆ ಕಾಣುವಷ್ಟರಲ್ಲಿ ಹುಬ್ಬಳ್ಳಿಯ ಕಲೆ ಮತ್ತು ವಿನ್ಯಾಸ ಕಾಲೇಜಿನ ಗಲಗಲಿ ಮೇಡಂ. ಸಂಜೆ ಇದೇ ವೇಷ ತಿರುಗಾ-ಮುರುಗಾ. ಏಳು ವರ್ಷ ಹೀಗೆ ಓಡಾಡಿದ್ದನ್ನು ಒಂದೇ ದಿಕ್ಕಿಗೆ ಹಿಡಿದಿದ್ದರೆ ಅವಳು ಕಾಶಿಗೆ ಹೋಗಿ, ಅಲ್ಲಿ ಕೊಡೆ ಮರೆತೆ ಎಂದು ಮತ್ತೊಮ್ಮೆ ಹೋಗಿ ಬರಬಹುದಿತ್ತು.

ಅವಳೂ ಗಂಡ ವಿನೀತನೂ ಮಾಳಮಡ್ಡಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದಾರೆ. ವಿನೀತ ಸತ್ತೂರಿನ ಆಸ್ಪತ್ರೆಯೊಂದರಲ್ಲಿ ಕಡತ ನೋಡುವವನು. ಅಡಿಗೆಯ ಇತಿಹಾಸ ನಡೆದ ಆ ಮನೆಯಲ್ಲಿ ಅಡಿಗೆ ನಡೆಯಲು ಜಾಗವಿರಲಿಲ್ಲ. ಕಟ್ಟೆಯ ತುಂಬ ಝೆರಾಕ್ಸು. ಖಾನಾವಳಿಯ ಡಬ್ಬಿ ತರಿಸಿಕೊಂಡು, ನೂರು ವರ್ಷದ ಹಿಂದಿನ ಬಿಸಿಬಿಸಿ ಹುಗ್ಗಿಯ ವಿಧಾನ ಓದುತ್ತ ಇವತ್ತಿನ ತಣ್ಣನೆಯ ಪಲ್ಯ ತಿನ್ನುತ್ತಿದ್ದರು. ಇಲ್ಲಿ ಬರೆದ ಸಂಗತಿಯೆಲ್ಲ ಗಾರ್ಗಿ ಹೇಳಿದ್ದು. ಉಪ್ಪು ಖಾರ ನನ್ನದು.

ಕಾಲೇಜಿನಲ್ಲಿ ಅವಳು ಕಲಿಸುವುದು ಮೊದಲ ವರ್ಷದವರಿಗೆ ಮೂಲ ವಿನ್ಯಾಸ. ಅಂದರೆ ಗೆರೆ ನೆಟ್ಟಗೆ ಎಳೆಯುವುದು, ವರ್ತುಲ ದುಂಡಗೆ ಬರೆಯುವುದು, ಒಂದೇ ಆಕಾರವನ್ನು ಹತ್ತು ಸಲ ಬರೆದರೆ ಹತ್ತೂ ಒಂದೇ ಅಳತೆಗೆ ಬರುವಂತೆ ನೋಡಿಕೊಳ್ಳುವುದು. ಹದಿನಾಲ್ಕು ವರ್ಷ ಮಕ್ಕಳ ಹಾಳೆ ತಿದ್ದಿ ತಿದ್ದಿ ಅವಳ ಕೈಗೆ ಅದೊಂದು ರೋಗವಾಗಿಯೇ ಅಂಟಿತ್ತು. ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದಿನ ರಂಗೋಲಿ ಸೊಟ್ಟಗಿದ್ದರೆ ಅನ್ನ ಕಲಸಿದ ಕೈ ತೊಳೆದು ಬಂದು ಅದನ್ನು ತಿದ್ದಿ ಮತ್ತೆ ಊಟಕ್ಕೆ ಕೂತವಳು. ಹುಣ್ಣಿಮೆಯ ಹಿಂದಿನ ದಿನದ ಚಂದ್ರ ಕಂಡರೆ, ಎಡಗಡೆ ಚೂರು ಕಡಿಮೆ ಬಿದ್ದಿದೆ ಎಂದು ಅವಳ ಬೆರಳು ತುಡಿಯುತ್ತಿತ್ತು. ಈ ರೋಗವೇ ಮುಂದೆ ಅವಳನ್ನು ಮುಳುಗಿಸಲಿಕ್ಕೆ ನೋಡಿತು.

ಪ್ರಬಂಧದ ವಿಷಯ ಹುಬ್ಬಳ್ಳಿ-ಧಾರವಾಡದಲ್ಲಿ ಅಚ್ಚಾದ ಹಳೆಯ ಅಡಿಗೆ ಪುಸ್ತಕಗಳು. ಅದರ ಬೆನ್ನೆಲುಬು ಒಂದೇ ಒಂದು ಪುಸ್ತಕ, ೧೯೩೪ರಲ್ಲಿ ಧಾರವಾಡದ ಕಲ್ಲಚ್ಚಿನ ಛಾಪಖಾನೆಯೊಂದರಲ್ಲಿ ಆದದ್ದು. ಕಲ್ಲಚ್ಚು ಅಂದರೆ ಬರೆದವರ ಕೈಬರಹವನ್ನೇ ಕಲ್ಲಿನ ಮೇಲೆ ಇಳಿಸಿ ಅಚ್ಚು ಹಾಕುವುದು. ಹಾಗಾಗಿ ಅಕ್ಷರವೂ ಚಿತ್ರವೂ ಬರೆದವಳದೇ. ಹೆಸರಿನ ಜಾಗದಲ್ಲಿ ಮಾತ್ರ ‘ಒಬ್ಬ ಗೃಹಿಣಿ’ ಎಂದಷ್ಟೇ. ಆ ಗೃಹಿಣಿ ಗೋದೂಬಾಯಿ, ತೀರಿಕೊಂಡು ಐವತ್ತು ವರ್ಷ. ಪುಸ್ತಕದ ಉಳಿದ ಒಂದೇ ಪ್ರತಿ ಅವರ ಸೊಸೆ ಸುಲಭಾಬಾಯಿಯ ಮನೆಯಲ್ಲಿತ್ತು, ನಮ್ಮಿಂದ ಎರಡು ಓಣಿ ಆಚೆ.

ಗಾರ್ಗಿ ಕಾಕು ಎಂದು ಕರೆಯುವ ಈ ಸುಲಭಾಬಾಯಿಗೆ ಎಂಬತ್ತೆರಡು. ಅವರಲ್ಲಿ ಸುಲಭವಾದದ್ದು ಹೆಸರು ಒಂದೇ. ಪುಸ್ತಕ ಇದ್ದದ್ದು ಕಪಾಟಿನಲ್ಲಲ್ಲ, ಮಡಿ ಅಡಿಗೆಮನೆಯ ಗೂಡಿನಲ್ಲಿ, ರೇಷ್ಮೆ ಬಟ್ಟೆಯ ಒಳಗೆ. ಮಡಿಯಲ್ಲಿದ್ದವರೇ ಅದನ್ನು ಮುಟ್ಟಬೇಕು, ಆ ಕೋಣೆ ಬಿಟ್ಟು ಅದು ಹೊರಗೆ ಬರಕೂಡದು. ಅವರು ಪೂರ್ತಿ ಮಡಿಯಲ್ಲಿ ಒಲೆ ಹಚ್ಚುವುದು ದ್ವಾದಶಿಗೆ ಮಾತ್ರ, ಏಕಾದಶಿಯ ಉಪವಾಸ ಬಿಡುವ ಬೆಳಿಗ್ಗೆ. ಹೀಗೆ ಗಾರ್ಗಿಯ ಗ್ರಂಥಾಲಯ ತಿಂಗಳಿಗೆ ಎರಡು ದಿನ, ಬೆಳಿಗ್ಗೆ ಆರಕ್ಕೆ ತೆರೆಯುತ್ತಿತ್ತು. ಪ್ರವೇಶಕ್ಕೆ ಅವರ ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಬರಬೇಕು. ಫೋನು ಮಡಿಗೆ ಬರುವುದಿಲ್ಲ, ಆದ್ದರಿಂದ ಫೋಟೋ ಇಲ್ಲ. ಪೆನ್ಸಿಲನ್ನು ತೊಳೆದರೆ ನಡೆದೀತು, ಕಾಗದ ಕೋರಾ ಇದ್ದು ಅದಕ್ಕೆ ನೀರು ಚಿಮುಕಿಸಿದರೆ ನಡೆದೀತು ಎಂದು ಬಹಳ ವಾದವಾಗಿ ತೀರ್ಮಾನವಾಯಿತು. ದೇಶಗಳ ಗಡಿ ತಂಟೆಗಳೇ ಇದಕ್ಕಿಂತ ಕಡಿಮೆ ಮಾತಿನಲ್ಲಿ ಮುಗಿದಿವೆ. ಗಾರ್ಗಿಯ ಪಕ್ಕದ ಮೇಜಿನಲ್ಲಿ ಕೂತು ಬಣ್ಣ ಕಲಿಸುವ ಶಾಜಿಯಾ ಇದನ್ನು ಕೇಳಿ, ನಿಮ್ಮ ಅಡಿಗೆಮನೆಗೆ ಹೋಗುವುದಕ್ಕಿಂತ ಪಾಸ್‌ಪೋರ್ಟು ಸಿಗುವುದು ಸಸಾರ ಎಂದಿದ್ದಳು.

ಕೆಲವು ದ್ವಾದಶಿ ಕಾಲೇಜಿನ ತುರ್ತಿಗೆ ಹೋದವು, ಕೆಲವು ತಿಂಗಳ ರಜೆಗೆ ಸಿಕ್ಕವು, ಕೆಲವು ಸುಲಭಾಬಾಯಿಯ ಸಿಟ್ಟಿಗೆ. ಮೂರು ವರ್ಷದಲ್ಲಿ ಗಾರ್ಗಿ ಹದಿನಾಲ್ಕು ಪುಟ ನಕಲು ಮಾಡಿಕೊಂಡಳು. ಪ್ರತಿ ಪುಟದ ಕೆಳಗೆ ಒಂದೆರಡು ವರ್ತುಲ, ಪಕ್ಕದಲ್ಲಿ ಒಂದೊಂದು ನೆಟ್ಟ ಗೆರೆ. ವರ್ತುಲ ಒಂದು ಕಡೆ ದೊಡ್ಡದು, ಒಂದು ಕಡೆ ಸಣ್ಣದು. ಅಲಂಕಾರ ಎಂದು ಅವಳು ತಿಳಿದಳು. ಅವಳ ಕೈ ಅವಳನ್ನೂ ಕೇಳದೆ ಎಲ್ಲವನ್ನೂ ಒಂದೇ ಅಳತೆಗೆ ತಂದುಬಿಟ್ಟಿತು.

ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ನಾಲ್ಕನೆಯ ಅಧ್ಯಾಯದಲ್ಲಿ ಹೀಗೂ ಬರೆದಳು: “ಒಂದು ಬಟ್ಟಲು ಬೇಳೆ ಎಂದು ಹೇಳುವ ಈ ಲೇಖಕಿ ಯಾವ ಬಟ್ಟಲು ಎಂದು ಹೇಳುವುದಿಲ್ಲ. ಅವರಿಗೆ ಅಳತೆಯ ಪ್ರಜ್ಞೆ ಇರಲಿಲ್ಲ. ಪುಟಗಳ ಅಲಂಕಾರದಲ್ಲಿಯೂ ಅದೇ ಅಜಾಗರೂಕತೆ ಕಾಣುತ್ತದೆ.” ಕಿಲೋ, ಲೀಟರು ಬರುವ ತನಕ ಈ ಕಡೆಯ ಅಡಿಗೆ ಪುಸ್ತಕಗಳಲ್ಲಿ ಅಳತೆಯೇ ಇರಲಿಲ್ಲ ಎಂಬುದು ಆ ಅಧ್ಯಾಯದ ಇಡೀ ವಾದ. ಗೈಡ್ ಡಾ. ಬಿಂದುಮಾಧವರು ಅದನ್ನು ಬಹಳ ಮೆಚ್ಚಿದರು. ಇಬ್ಬರ ಹೆಸರಿನಲ್ಲಿ ಅದರದೊಂದು ಲೇಖನವೂ ಅಚ್ಚಾಯಿತು.

ಪ್ರಬಂಧ ಒಪ್ಪಿಸಲು ಕೊನೆಯ ದಿನ ಜೂನ್ ಇಪ್ಪತ್ತೆಂಟು. ಎರಡು ಸಲ ಗಡುವು ಮುಂದೆ ಹಾಕಿಸಿಕೊಂಡಾಗಿತ್ತು, ಮೂರನೆಯದು ಇಲ್ಲ. ಅದು ತಪ್ಪಿದರೆ ಏಳು ವರ್ಷದ ನೋಂದಣಿ ರದ್ದು. ಮೂವತ್ತಕ್ಕೆ ಬಿಂದುಮಾಧವರು ನಿವೃತ್ತಿ ಬೇರೆ.

ಜೂನ್ ಹತ್ತರಂದು ಗಾರ್ಗಿ ಆ ಹದಿನಾಲ್ಕು ನಕಲುಗಳನ್ನು ತರಗತಿಯ ಗೋಡೆಗೆ ಚುಚ್ಚಿದಳು, ಹಳೆಯ ಕಾಲದ ಪುಟವಿನ್ಯಾಸ ಮಕ್ಕಳಿಗೆ ತೋರಿಸಲು. ಮಕ್ಕಳು ಹೋದ ಮೇಲೆ ಸತ್ಯವ್ವ ಕಸ ಹೊಡೆಯಲು ಬಂದಳು. ಮುಗದದಿಂದ ದಿನಾ ರೈಲಿಗೆ ಬರುವ ಸತ್ಯವ್ವನಿಗೆ ಓದು ಬರಹ ಬರುವುದಿಲ್ಲ. ಕಸಬರಿಗೆ ಹಿಡಿದುಕೊಂಡೇ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು.

“ಮೇಡಮ್ಮಾರ, ಇದರ ಮ್ಯಾಲ ಯಾವ ಬಟ್ಲಾ ಇಡೂದ್ರಿ?”

ಬಟ್ಟಲು ಇಡುವುದಲ್ಲ, ಚೆಂದಕ್ಕೆ ಬರೆದದ್ದು ಎಂದು ಗಾರ್ಗಿ ಹೇಳಿದಳು.

“ಚಂದಕ್ಕೇನ್ರಿ? ನಮ್ಮವ್ವ ಬೀಸೂಕಲ್ಲಿನ ಬಾಜೂಕ ನೆಲದಾಗ ಹಿಂಗ ಗುಂಡಗ ಕೊರದಿದ್ಳು. ಸಣ್ಣದು ಬ್ಯಾರೆ, ದೊಡ್ಡದು ಬ್ಯಾರೆ. ಆ ಗೆರೀಗೆ ಬರೋಬ್ಬರಿ ಕುಂದ್ರೂ ಬಟ್ಲಾ ತಗೊಂಡ್ರ ಆತು, ಲೆಕ್ಕಾ ಬರಬೇಕಂತಿಲ್ಲ. ಈ ಕಡ್ಡಿ ಬಟ್ಲದ ಎತ್ತರ ಅಲ್ರಿ? ಆದರ ಎಲ್ಲಾ ಒಂದ ಅಳತಿ ತಗದಾರಲ್ರಿ. ಯಾರೋ ತಿಳೀದವ್ರು ಬರದಂಗ ಐತಿ.”

ಸತ್ಯವ್ವ ಕಸ ಹೊಡೆದು ಮುಂದಿನ ಕೋಣೆಗೆ ಹೋದಳು. ಗಾರ್ಗಿ ಕೂತಲ್ಲೇ ಕೂತಳು. ಮೂಲದಲ್ಲಿ ವರ್ತುಲಗಳು ಒಂದೇ ಅಳತೆ ಇರಲಿಲ್ಲ. ಇರಬಾರದೆಂದೇ ಇರಲಿಲ್ಲ. ಓದು ಬಾರದ ಹೆಂಗಸರಿಗಾಗಿ ಗೋದೂಬಾಯಿ ತನ್ನ ಬಟ್ಟಲುಗಳನ್ನೇ ಕಾಗದದ ಮೇಲೆ ಬೋರಲಿಟ್ಟು ಸುತ್ತ ಗೆರೆ ಎಳೆದಿದ್ದರೆ, ಅಳತೆಯ ಪ್ರಜ್ಞೆ ಇಲ್ಲದವಳು ಗೋದೂಬಾಯಿ ಅಲ್ಲ. ಮತ್ತು ಅದನ್ನು ಅಳಿಸಿ ನುಣ್ಣಗೆ ಮಾಡಿದವಳು, ಅಳತೆಯನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುವ ಗಲಗಲಿ ಮೇಡಂ.

ಆದರೆ ಇದು ಸತ್ಯವ್ವನ ಊಹೆ. ಖರೇ ಏನೋ ಎಂದು ನೋಡಲು ಪುಸ್ತಕ ಬೇಕು, ಪುಸ್ತಕಕ್ಕೆ ದ್ವಾದಶಿ ಬೇಕು. ಗಡುವಿನ ಒಳಗೆ ಇದ್ದದ್ದು ಒಂದೇ ದ್ವಾದಶಿ, ಜೂನ್ ಹತ್ತೊಂಬತ್ತು, ಬುಧವಾರ. ಮರುದಿನ ಸುಲಭಾಬಾಯಿ ಬೆಳಗಾವಿಗೆ ಮಗಳ ಮನೆಗೆ ಹೊರಟಿದ್ದರು, ತಿರುಗಿ ಬರುವುದು ಜುಲೈಗೆ. ಮತ್ತು ಆ ಬುಧವಾರವೇ ಬೆಳಿಗ್ಗೆ ಹತ್ತಕ್ಕೆ ಮೊದಲ ವರ್ಷದ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬರುವವರು. ಕಾಲೇಜಿನ ಪರವಾಗಿ ಕೂಡಬೇಕಾದವಳು ಗಾರ್ಗಿ. ಅವಳ ಸಹಿ ಇಲ್ಲದೆ ಪ್ರಶ್ನೆಯ ಲಕೋಟೆ ಒಡೆಯುವ ಹಾಗಿಲ್ಲ.

ಅವಳು ಮೊದಲು ಬಿಂದುಮಾಧವರ ಕಡೆ ಓಡಿದಳು. ಅವರು ಕಿಟಕಿಯ ಹೊರಗೆ ನೋಡುತ್ತ ಪೂರ್ತಿ ಕೇಳಿಸಿಕೊಂಡರು. ಕಸ ಹೊಡೆಯುವವಳ ಮಾತಿಗೆ ಒಂದು ಅಧ್ಯಾಯ ಕಿತ್ತು ಹಾಕಲು ಬರುವುದಿಲ್ಲ ಎಂದರು. ಇದ್ದದ್ದನ್ನು ಇದ್ದಂತೆ ಕಟ್ಟಿಸಿ ಒಪ್ಪಿಸು, ಪದವಿ ಬಂದ ಮೇಲೆ ಬೇಕಾದರೆ ಹೊಸ ಲೇಖನ ಬರೆ ಎಂದರು. ಆ ಪುಸ್ತಕವನ್ನು ಕಣ್ಣಿಂದ ಕಂಡವರು ಜಗತ್ತಿನಲ್ಲಿ ಎರಡೇ ಮಂದಿ, ಯಾವ ಪರೀಕ್ಷಕ ಒದ್ದೆ ಬಟ್ಟೆಯಲ್ಲಿ ಹೋಗಿ ತಾಳೆ ನೋಡುತ್ತಾನೆ ಎಂದೂ ಅಂದರು. ಅದು ಸುಳ್ಳಲ್ಲ. ಗಾರ್ಗಿಗೆ ಹೆದರಿಕೆ ಹುಟ್ಟಿಸಿದ್ದೂ ಅದೇ.

ಪ್ರಿನ್ಸಿಪಾಲ್ ಮಹಾದೇವಪ್ಪನವರ ಹತ್ತಿರ ಅರ್ಧ ದಿನದ ರಜೆ ಕೇಳಿದಳು. ಮಹಾದೇವಪ್ಪನವರು ನಿಯಮದ ಮನುಷ್ಯ. ಅವರ ಮೀಸೆಯ ಎರಡೂ ಬದಿಯ ಕೂದಲು ಎಣಿಸಿದರೆ ಸಮ ಬರುತ್ತವೆ ಎಂದು ಮಕ್ಕಳು ಆಡಿಕೊಳ್ಳುತ್ತಾರೆ.

“ಮೇಡಂ, ನಲವತ್ತೆರಡು ಮಕ್ಕಳ ಪರೀಕ್ಷೆ ಅದು. ಹತ್ತಕ್ಕ ನೀವಿಲ್ಲ ಅಂದ್ರ ನಾ ರದ್ದ ಅಂತ ಬರದ ಕಳಸ್ತೇನಿ. ಮುಂದಿಂದು ನೀವಾತು, ಅವರ ಅಪ್ಪ ಅವ್ವ ಆತು.”

ಹತ್ತಕ್ಕೆ ಇರುತ್ತೇನೆ ಎಂದು ಗಾರ್ಗಿ ಮಾತು ಕೊಟ್ಟಳು.

ಬುಧವಾರ ಬೆಳಿಗ್ಗೆ ಆರಕ್ಕೆ ಅವಳು ಸುಲಭಾಬಾಯಿಯ ಪಡಸಾಲೆಯಲ್ಲಿ ಚೀಲ ಇಟ್ಟು, ಚೀಲದಲ್ಲಿ ಫೋನು ಇಟ್ಟು, ಬಚ್ಚಲಿಗೆ ಹೋದಳು. ಜೂನ್ ತಿಂಗಳ ಆ ನೀರು ಹಿಮಾಲಯದಿಂದ ನಡುವೆ ಎಲ್ಲಿಯೂ ನಿಲ್ಲದೆ ನೇರ ಮಾಳಮಡ್ಡಿಯ ನಲ್ಲಿಗೆ ಬಂದಂತಿತ್ತು. ಒದ್ದೆ ಸೀರೆ ಸುತ್ತಿಕೊಂಡು, ತೊಳೆದ ಪೆನ್ಸಿಲು, ಕೋರಾ ಕಾಗದ ಹಿಡಿದು, ಹಲ್ಲು ಕಟಕಟ ಎನ್ನಿಸುತ್ತ ಒಳಗೆ ಹೋದಳು.

ಸುಲಭಾಬಾಯಿ ಒಲೆಯ ಮುಂದಿದ್ದರು. ಪುಸ್ತಕ ತೆಗೆಯಲಿಲ್ಲ.

“ಎಲ್ಲಾ ಬರದ ಮುಗೀತು ಅಂದಿದ್ಯಲ್ಲಾ. ನಮ್ಮ ಅತ್ತಿ ಬಗ್ಗೆ ಏನ ಬರದಿ? ಹೇಳು, ಕೇಳೋಣ.”

ಗಾರ್ಗಿಯ ಹತ್ತಿರ ಪ್ರಬಂಧ ಇರಲಿಲ್ಲ. ಏನು ಹೇಳಿದರೂ ನಡೆಯುತ್ತಿತ್ತು. ಬಹಳ ದೊಡ್ಡ ಹೆಂಗಸು ಎಂದು ಬರೆದೆ ಅಂದಿದ್ದರೆ ಪುಸ್ತಕ ಅರ್ಧ ನಿಮಿಷದಲ್ಲಿ ಕೈಗೆ ಬರುತ್ತಿತ್ತು. ನಿಜ ಹೇಳಿದರೆ ಬಾಗಿಲು ತೋರಿಸಬಹುದಿತ್ತು. ಮೇಲಾಗಿ ಆ ಸಾಲು ಅವಳಿಗೆ ಬಾಯಿಪಾಠ; ಲೇಖನದ ಕರಡು ತಿದ್ದುವಾಗ ಇಪ್ಪತ್ತು ಸಲ ಓದಿದ್ದಳು.

“‘ಅವರಿಗೆ ಅಳತೆಯ ಪ್ರಜ್ಞೆ ಇರಲಿಲ್ಲ’ ಅಂತ ಬರದೇನ್ರಿ ಕಾಕು. ಅದು ತಪ್ಪು ಅನಸಾಕತ್ತದ. ಅದಕ್ಕ ಬಂದೇನಿ.”

ಸುಲಭಾಬಾಯಿ ಒಲೆಯ ಕಡೆ ತಿರುಗಿದರು. ಅನ್ನ ಕುದಿಯುತ್ತಿತ್ತು. ಆ ಅನ್ನ ಬೇಯುವಷ್ಟರಲ್ಲಿ ದಿಲ್ಲಿಯಲ್ಲಿ ಎರಡು ಸರಕಾರ ಬಿದ್ದು ಮೂರನೆಯದು ಪ್ರಮಾಣವಚನ ತೆಗೆದುಕೊಳ್ಳಬಹುದಿತ್ತು. ಗಾರ್ಗಿಯ ಸೀರೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಅವರು ಅನ್ನ ಇಳಿಸಿ, ಆ ಪೆನ್ಸಿಲು, ಕಾಗದ ಎರಡನ್ನೂ ಹೊರಗೆ ಒಗೆ ಎಂದರು.

ಮುಗಿಯಿತು ಎಂದುಕೊಂಡಳು ಗಾರ್ಗಿ. ಎರಡನ್ನೂ ಹೊಸ್ತಿಲಾಚೆ ಒಗೆದಳು. ತಿರುಗಿ ನೋಡಿದರೆ ಸುಲಭಾಬಾಯಿ ಗೂಡಿನ ಮೇಲಿನ ಹಲಗೆಯಿಂದ ಆರು ಹಿತ್ತಾಳೆ ಬಟ್ಟಲು ಇಳಿಸುತ್ತಿದ್ದರು, ಒಂದರೊಳಗೊಂದು ಕೂತವು. ಆಮೇಲೆ ರೇಷ್ಮೆ ಬಟ್ಟೆ ಬಿಚ್ಚಿ ಪುಸ್ತಕವನ್ನು ಮಣೆಯ ಮೇಲಿಟ್ಟರು.

“ಮೂರ ವರ್ಷ ಬಂದಿ. ಕೂತಿ, ಬರಕೊಂಡಿ, ಎದ್ದ ಹೋದಿ. ಈ ಗುಂಡಗ ಏನ ಕಾಕು ಅಂತ ಒಮ್ಮೆರೆ ಕೇಳಿದ್ಯೇನು?”

“ಇಲ್ಲ್ರಿ.”

“ನಿನಗ ಗೊತ್ತದ ಅಂತ ತಿಳಕೊಂಡಿದ್ದೆ. ಕಾಲೇಜಿನ್ಯಾಗ ಕಲಿಸೋಕಿ ಅಲಾ ನೀ. ನೀ ಬರಕೊಳ್ಳೂದು ನೋಡೇನಿ, ಪೆನ್ಸಿಲ್ ಕೊಟ್ರ ನಿನ್ನ ಕೈ ಮತ್ತ ತಿದ್ದತದ. ಬಟ್ಲಾ ಇಟ್ಟ ನೋಡು.”

ಮೊದಲ ಪುಟ ತೊವ್ವೆಯದು. ಗಾರ್ಗಿ ಸಣ್ಣದರಿಂದ ಎರಡನೆಯ ಬಟ್ಟಲು ಬೋರಲಿಟ್ಟಳು, ಗೆರೆ ಹೊರಗೆ ಉಳಿಯಿತು. ಮೂರನೆಯದು ಇಟ್ಟಳು. ತೊಂಬತ್ತು ವರ್ಷದ ಮಸಿಯ ಗೆರೆ ಹಿತ್ತಾಳೆಯ ಅಂಚಿನ ಕೆಳಗೆ ಪೂರ್ತಿ ಮಾಯವಾಯಿತು. ಬಟ್ಟಲನ್ನು ಪಕ್ಕದ ನೆಟ್ಟ ಗೆರೆಗೆ ತಾಗಿಸಿ ಹಿಡಿದಳು. ಎತ್ತರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆಗ ಗಂಟೆ ಏಳು ಹತ್ತು. ಹದಿನಾಲ್ಕು ಪುಟ, ಪುಟಕ್ಕೆ ಒಂದೋ ಎರಡೋ ವರ್ತುಲ. ಬರೆದುಕೊಳ್ಳುವ ಹಾಗಿಲ್ಲ, ಯಾವ ಪುಟಕ್ಕೆ ಎಷ್ಟನೆಯ ಬಟ್ಟಲು ಎಂಬುದನ್ನು ತಲೆಯಲ್ಲಿಯೇ ಇಟ್ಟುಕೊಳ್ಳಬೇಕು. ಎಂಟೂ ಐವತ್ತಕ್ಕೆ ಮನೆ ಬಿಡಬೇಕು. ಲೆಕ್ಕಕ್ಕೆ ಸಮಯ ಬೇಕಾದಷ್ಟಿತ್ತು. ಆದರೆ ಮಡಿಯಲ್ಲಿದ್ದವರು ಆ ಅಡಿಗೆಮನೆಯಲ್ಲಿ ಸುಮ್ಮನೆ ಕೂಡುವುದು ಎಂಬುದಿಲ್ಲ. ಪಾರಣೆಯ ಹೊತ್ತು ಮೀರುವ ಮೊದಲು ನೈವೇದ್ಯ ಆಗಬೇಕು, ಕೈ ಎರಡೇ. ಸುಲಭಾಬಾಯಿ ಪುಟಕ್ಕೊಂದು ಕೆಲಸ ಹೇಳಿದರು. ಏಳು ವರ್ಷದಿಂದ ಡಬ್ಬಿಯ ಊಟ ಉಂಡವಳು ಈಳಿಗೆಯ ಮೇಲೆ ಕೂತು ಕಾಯಿ ತುರಿದಳು, ಪಾಯಸ ತಿರುವಿದಳು, ನಿಂಬೆ ಹಿಂಡಿದಳು. ಬಾಯಲ್ಲಿ ಮಾತ್ರ ಪುಟದ ಪಾಠ: ಒಂದಕ್ಕೆ ಮೂರು, ಎರಡಕ್ಕೆ ನಾಲ್ಕು ಮತ್ತು ಒಂದು, ಮೂರಕ್ಕೆ ಆರು. ಪಕ್ಕದಲ್ಲಿ ಸುಲಭಾಬಾಯಿಯದು ಸ್ತೋತ್ರ. ಎರಡೂ ಸೇರಿ ಒಳಗೆ ಯಾವ ದೇವರನ್ನು ಕರೆಯುತ್ತಿದ್ದಾರೆ ಎಂದು ದೇವರಿಗೇ ತಿಳಿಯದೆ ಹೋಗಿರಬೇಕು.

ಎಂಟಕ್ಕೆ ಫೋನು ಶುರುವಾಯಿತು. ಪಡಸಾಲೆಯ ಚೀಲದಲ್ಲಿ ಅದು ಬಡಿದುಕೊಂಡರೆ ಇಲ್ಲಿ ಗಾರ್ಗಿ ಸೌಟು ಇನ್ನೂ ಜೋರಾಗಿ ತಿರುವುವಳು. ಹೊರಗೆ ಹೋಗಿ ಫೋನು ಮುಟ್ಟಿದರೆ ಮಡಿ ಹೋಯಿತು. ಮತ್ತೆ ಬಚ್ಚಲು, ಮತ್ತೆ ಸೀರೆ, ಅರ್ಧ ತಾಸು. ಆರನೆಯ ಪುಟದಲ್ಲಿದ್ದಾಗ ಎರಡನೆಯ ಸಲ ಬಾರಿಸಿತು. ಅದು ನಿಲ್ಲುವಷ್ಟರಲ್ಲಿ ನಾಲ್ಕನೆಯ ಮತ್ತು ಐದನೆಯ ಪುಟದ ಲೆಕ್ಕ ತಲೆ ಬಿಟ್ಟು ಹೋಗಿತ್ತು. ಹಿಂದಕ್ಕೆ ಹೋಗಿ ಎರಡನ್ನೂ ಮತ್ತೆ ಇಟ್ಟು ನೋಡಿದಳು.

ಹನ್ನೊಂದನೆಯ ಪುಟ ಮುಗಿದಾಗ ಎಂಟೂ ಐವತ್ತೈದು. ಇನ್ನು ಮೂರು. ಅರ್ಧ ತಾಸು ಸಿಕ್ಕರೆ ಮುಗಿಯುತ್ತಿತ್ತು. ಫೋನು ಏಳನೆಯ ಸಲ ಬಾರಿಸುತ್ತಿತ್ತು, ಅದು ಮಹಾದೇವಪ್ಪನವರದೇ ಎಂದು ಬಾರಿಸುವ ರೀತಿಯಿಂದಲೇ ತಿಳಿಯುತ್ತಿತ್ತು. ಒಂದು ಕಡೆ ಮೂರು ಪುಟ, ಒಂದು ಕಡೆ ನಲವತ್ತೆರಡು ಮಕ್ಕಳು. ಅವಳು ಪುಸ್ತಕ ಮುಚ್ಚಿ ನಮಸ್ಕಾರ ಮಾಡಿದಳು. ಇನ್ನೂ ಮೂರು ಉಳಿದವಲ್ಲ, ನಿಮಗೆ ನೆನಪಿದ್ದರೆ ಹೇಳುವಿರಾ ಎಂದು ಕೇಳಿದಳು. ನೋಡದೆ ಹೇಳುವುದಿಲ್ಲ ಎಂದರು ಸುಲಭಾಬಾಯಿ. ಆಮೇಲೆ ಆರೂ ಬಟ್ಟಲುಗಳನ್ನು ಅವಳ ಮುಂದೆ ಸರಿಸಿದರು.

“ಇವನ್ನ ಒಯ್ಯಿ. ಅಳಕೊಂಡ ತಂದ ಕೊಡು.”

“ಹೊರಗ ಒಯ್ದ್ರ ಮೈಲಿಗಿ ಆಗೂದಿಲ್ಲೇನ್ರಿ?”

“ಹಿತ್ತಾಳಿ ಅದ. ಹುಣಸಿಹಣ್ಣ ಹಚ್ಚಿ ತೊಳದ್ರ ಮತ್ತ ಒಳಗ ಬರ್ತದ. ಪುಸ್ತಕ ತೊಳ್ಯಾಕ ಬರ್ತದೇನು, ಶಾಣ್ಯಾಕಿ?”

ಗಾರ್ಗಿ ಹೊಸ್ತಿಲು ದಾಟಿದವಳೇ ಬಟ್ಟೆ ಬದಲಿಸುವ ಮೊದಲು ಒಗೆದ ಪೆನ್ಸಿಲು ಎತ್ತಿಕೊಂಡು, ಕಾಗದ ಒದ್ದೆಯಾಗಿದ್ದರಿಂದ ಚೀಲದಲ್ಲಿದ್ದ ಪರೀಕ್ಷೆಯ ಹಾಜರಿ ಪಟ್ಟಿಯ ಬೆನ್ನಿಗೆ ಹನ್ನೊಂದು ಪುಟದ ಲೆಕ್ಕ ಬರೆದಳು. ಬರೆದು ಮುಗಿಯುವ ತನಕ ಫೋನು ಎತ್ತಲಿಲ್ಲ. ಯಾರಾದರೂ ಒಂದು ಸಂಖ್ಯೆ ಹೇಳಿದರೆ ಎಲ್ಲ ಕಲಸಿ ಹೋಗುವ ಭಯ. ಮುಂದೆ ಚಿಗರಿಯಲ್ಲಿ ಒದ್ದೆ ತಲೆ, ಕೈಯಲ್ಲಿ ಠಣಠಣ ಎನ್ನುವ ಬಟ್ಟಲಿನ ಗಂಟು. ಪಕ್ಕದ ಹೆಂಗಸು, ಲಗ್ನಕ್ಕೆ ಆಹೇರಿ ಕೊಡಲು ಹೊರಟಿರೇನು ಎಂದು ಕೇಳಿದಳು. ನವಲೂರಿನ ಮುಂದೆ ಬಸ್ಸು ಆರು ನಿಮಿಷ ನಿಂತಿತು. ಆ ಆರು ನಿಮಿಷದಲ್ಲಿ ತನಗೆ ಬೆಳ್ಳಿಕೂದಲು ಬಂದಿತೆಂದು ಗಾರ್ಗಿ ಹೇಳುತ್ತಾಳೆ. ನಾನು ಎಣಿಸಿ ನೋಡಿದ್ದೇನೆ, ಹನ್ನೊಂದು ಇವೆ.

ಅವಳು ಕಾಲೇಜು ಮುಟ್ಟಿದಾಗ ಹತ್ತು ಗಂಟೆ ಹನ್ನೆರಡು ನಿಮಿಷ. ಶಾಜಿಯಾ ಹೊರಗಿನ ಪರೀಕ್ಷಕರ ಮುಂದೆ ಎರಡನೆಯ ಪ್ಲೇಟು ಗಿರ್ಮಿಟ್ ಇಟ್ಟು, ಮಿರ್ಚಿ ಬಿಸಿ ಬರುತ್ತಿದೆ, ತಿಂದೇ ಏಳಬೇಕು ಎಂದು ಕೂರಿಸಿಕೊಂಡಿದ್ದಳು. ಮಹಾದೇವಪ್ಪನವರು ರದ್ದಿನ ಪತ್ರ ಬೆರಳಚ್ಚು ಮಾಡಿಸಿ ಇಟ್ಟಿದ್ದರು, ಸಹಿ ಮಾತ್ರ ಬಾಕಿ. ಲಕೋಟೆ ಒಡೆದದ್ದು ಹತ್ತೂ ಇಪ್ಪತ್ತಕ್ಕೆ. ಮಕ್ಕಳಿಗೆ ಕೊನೆಗೆ ಇಪ್ಪತ್ತು ನಿಮಿಷ ಹೆಚ್ಚು ಸಿಕ್ಕಿತು. ಗಾರ್ಗಿಗೆ ಕಾರಣ ಕೇಳಿ ನೋಟಿಸು ಸಿಕ್ಕಿತು: ಏಳು ಸಲ ಕರೆ ಮಾಡಿದರೂ ಎತ್ತಿಲ್ಲವೇಕೆ? ಅವಳು ಲಿಖಿತ ಉತ್ತರ ಕೊಟ್ಟಳು: “ಒದ್ದೆ ಸೀರೆಯಲ್ಲಿ ಮಡಿಯಲ್ಲಿದ್ದು, ಪಾಯಸ ತಿರುವುತ್ತಿದ್ದ ಕಾರಣ ಫೋನು ಮುಟ್ಟಲು ಸಾಧ್ಯವಾಗಲಿಲ್ಲ.” ಮೂವತ್ತು ವರ್ಷದ ಸರ್ವೀಸಿನಲ್ಲಿ ಮಹಾದೇವಪ್ಪನವರಿಗೆ ಯಾವ ಕಡತದಲ್ಲಿ ಇಡಬೇಕೆಂದು ತಿಳಿಯದೆ ಹೋದ ಕಾಗದ ಅದೊಂದೇ.

ಆ ಮಧ್ಯಾಹ್ನವೇ ಬಟ್ಟಲುಗಳನ್ನು ಅಳೆದಳು. ನೀರು ತುಂಬಿ ನೋಡಿದರೆ, ಒಂದಕ್ಕಿಂತ ಮುಂದಿನದು ಸರಿಯಾಗಿ ಇಮ್ಮಡಿ ಹಿಡಿಯುತ್ತಿತ್ತು. ಸಂಜೆಯೇ ಅವನ್ನು ಸುಲಭಾಬಾಯಿಗೆ ತಿರುಗಿ ಒಪ್ಪಿಸಿದಳು. ಮುಂದಿನ ಎಂಟು ದಿನ ಅವಳು ಬೆಳಿಗ್ಗೆ ಕಾಲೇಜಿನಲ್ಲಿ ನಲವತ್ತೆರಡು ಉತ್ತರ ಹಾಳೆ ನೋಡಿ, ಸಂಜೆ ನಾಲ್ಕನೆಯ ಅಧ್ಯಾಯವನ್ನು ಬುಡದಿಂದ ಬರೆದಳು. ಅಳತೆ ಇತ್ತು, ಓದು ಬಾರದವರಿಗೆ ಎಟುಕುವ ಹಾಗೆ ಇತ್ತು, ಅದನ್ನು ನಾನು ನಕಲು ಮಾಡುವಾಗ ಅಳಿಸಿದೆ, ಇದನ್ನು ಮೊದಲು ಗುರುತಿಸಿದವರು ಮುಗದದ ಸತ್ಯವ್ವ ಎಂದು ಹೆಸರು ಸಮೇತ ಬರೆದಳು. ಕೊನೆಯ ಮೂರು ಪುಟದ ಮುಂದೆ “ಅಳೆದಿಲ್ಲ” ಎಂದು ಹಾಕಿ ಜಾಗ ಖಾಲಿ ಬಿಟ್ಟಳು.

ಇಪ್ಪತ್ತೆಂಟರಂದು ಮಧ್ಯಾಹ್ನ ಮೂರಕ್ಕೆ ಐದು ಪ್ರತಿ ಹೊತ್ತುಕೊಂಡು ಬಿಂದುಮಾಧವರ ಮುಂದೆ ಕೂತಳು. ವಿಶ್ವವಿದ್ಯಾಲಯದ ಕಚೇರಿ ಮುಚ್ಚುವುದು ಐದಕ್ಕೆ. ಗೈಡಿನ ಸಹಿ ಇಲ್ಲದ ಪ್ರಬಂಧವನ್ನು ಅಲ್ಲಿ ತೂಕಕ್ಕೂ ತೆಗೆದುಕೊಳ್ಳುವುದಿಲ್ಲ. ಅವರು ನಾಲ್ಕನೆಯ ಅಧ್ಯಾಯ ತೆರೆದು ಮೊದಲಿನಿಂದ ಓದತೊಡಗಿದರು. ಒಂದು ಪುಟಕ್ಕೆ ಎರಡು ನಿಮಿಷ. ಪೆನ್ನು ಮುಚ್ಚಳ ಹಾಕಿಕೊಂಡು ಮೇಜಿನ ಮೇಲೆ ಮಲಗಿತ್ತು. ಗಾರ್ಗಿ ಗಡಿಯಾರ ನೋಡಲಿಲ್ಲ; ನೋಡಿದರೆ ಅದು ಇನ್ನೂ ಜೋರಾಗಿ ಓಡುತ್ತಿತ್ತು.

ಮೂರೂ ಮುಕ್ಕಾಲಕ್ಕೆ ಅವರು ತಲೆ ಎತ್ತಿದರು. ಈ ತಪ್ಪಿನ ಕಥೆಯನ್ನು ತೆಗೆದು ಹೊಸ ವಾದ ಮಾತ್ರ ಇಟ್ಟರೆ ಏನು ಹೋಗುತ್ತದೆ ಎಂದು ಕೇಳಿದರು. ನಕಲು ಹಿಂದಿನ ಲೇಖನದಲ್ಲಿ ಅಚ್ಚಾಗಿದೆ, ಅದನ್ನು ನಂಬಿ ಇನ್ನೊಬ್ಬರು ಬರೆಯುತ್ತಾರೆ ಎಂದಳು. ಆ ಲೇಖನದ ಮೇಲೆ ಇದ್ದ ಎರಡು ಹೆಸರಿನಲ್ಲಿ ಮೊದಲನೆಯದು ಅವರದೇ ಎಂದು ಇಬ್ಬರೂ ಹೇಳಲಿಲ್ಲ. ನಾಡಿದ್ದು ಅವರಿಗೆ ಶಾಲು ಹೊದಿಸುವ ಕಾರ್ಯಕ್ರಮ ಇತ್ತು.

“ಈ ಮೂರ ಖಾಲಿ ಜಾಗಾ? ಅದನ್ನರೆ ತುಂಬಸು. ಸಾಲಾಗಿ ನೋಡಿದ್ರ ಅಂದಾಜ ಸಿಗ್ತದ. ಪರೀಕ್ಷಕರು ಮೊದಲ ಅಲ್ಲೇ ಬೆರಳ ಇಡ್ತಾರ.”

“ಇಡ್ಲ್ರಿ ಸರ್. ಅಳದಿಲ್ಲಲ್ರಿ.”

ಅವರು ಆ ಪುಟವನ್ನು ಮತ್ತೊಮ್ಮೆ ಓದಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. ಆದರೆ ಸಹಿಯ ಪುಟಕ್ಕೆ ಹೋಗಲಿಲ್ಲ. ನಾಲ್ಕನೆಯ ಅಧ್ಯಾಯದ ಅಡಿಟಿಪ್ಪಣಿಯಲ್ಲಿ, ನಕಲು ಮಾಡುವಾಗ ನಾನು ತಪ್ಪಿದೆ ಎಂದು ಅವಳು ಬರೆದ ಕಡೆ ‘ನಾನು ತಪ್ಪಿದೆ’ ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಬರೆದರು: ‘ನಾನೂ, ಮೂಲವನ್ನು ನೋಡದೆ ಒಪ್ಪಿದ ನನ್ನ ಮಾರ್ಗದರ್ಶಕರೂ ತಪ್ಪಿದೆವು’.

“ಐದೂ ಪ್ರತಿಯೊಳಗ ಈ ಪುಟ ಬದ್ಲಿ ಮಾಡಿಸ್ಕೊಂಡ ಬಾ. ಲಗೂ ಹೋಗು. ಸಹಿ ಆಮ್ಯಾಲ.”

ಗಾರ್ಗಿ ಐದು ಪ್ರತಿ ಎತ್ತಿಕೊಂಡು ಓಡಿದಳು. ಝೆರಾಕ್ಸ್ ಅಂಗಡಿಯವನು ಕಟ್ಟು ಬಿಚ್ಚಿ, ಪುಟ ಸೇರಿಸಿ, ಮತ್ತೆ ಕಟ್ಟುವಾಗ ನಾಲ್ಕೂ ಮೂವತ್ತು. ಸಹಿ ಆಗುವಾಗ ನಾಲ್ಕೂ ನಲವತ್ತೆರಡು. ಕಚೇರಿಯ ಗುಮಾಸ್ತ ಆಗಲೇ ಕಿಟಕಿಯ ಒಂದು ಬಾಗಿಲು ಹಾಕಿದ್ದ. ಇನ್ನೊಂದರಿಂದ ಕೈ ಚಾಚಿ ಐದೂ ಪ್ರತಿ ತೆಗೆದುಕೊಂಡ. ಪುಟ ಎಣಿಸಿದ, ಸಹಿ ನೋಡಿದ, ಠಸ್ಸೆ ಹೊಡೆದ. ಸಮಯ ಎಂಬ ಜಾಗದಲ್ಲಿ ನಾಲ್ಕೂ ಐವತ್ತೆಂಟು ಎಂದು ಬರೆದು, ಪ್ರಬಂಧ ಮುಟ್ಟಿದ್ದಕ್ಕೆ ಪೋಚು ಅವಳ ಕೈಗಿಟ್ಟ.